ಹಸಿ ಊಟಕ್ಕೆ ಪಾಚಿ ಪುಡಿ: ಕಾಲು ಚಮಚದಿಂದ ಶುರು ಮಾಡಿ

ಸ್ಪಿರುಲಿನಾ ಅನ್ನುವ ಪಾಚಿ ಪುಡಿಯ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ವಾಸನೆ ನಮಗೇನೂ ಹೊಸದಲ್ಲ. ಬೇಸಿಗೆಯಲ್ಲಿ ನೀರು ಇಳಿದ ಕೆರೆಯ ಮೆಟ್ಟಿಲ ಮೇಲೆ ನಿಂತರೆ ಬರುತ್ತದಲ್ಲ, ಅದೇ. ನಾನು ಮೊದಲ ದಿನ ಮೂಗು ಮುಚ್ಚಿಕೊಂಡು, ಖಾಲಿ ಹೊಟ್ಟೆಯಲ್ಲಿ, ಊಟದ ಚಮಚದ ತುಂಬ ಪುಡಿ ತೆಗೆದು ನೀರಿಗೆ ಕದಡಿ ಗಟಗಟ ಕುಡಿದೆ. ಹತ್ತು ಗಂಟೆಗೆ ಹೊಟ್ಟೆ ಗುಡುಗತೊಡಗಿತು. ಮಧ್ಯಾಹ್ನದವರೆಗೆ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಅದನ್ನು ಮಾರಿದವರಿಗೆ ಫೋನ್ ಮಾಡಿದರೆ, "ದೇಹದ ವಿಷ ಹೊರಗೆ ಹೋಗ್ತಿದೆ ಸಾರ್, ಒಳ್ಳೇದೇ" ಅಂದರು. ವಿಷವೂ ಇಲ್ಲ, ಏನೂ ಇಲ್ಲ. ಅಳತೆ ಜಾಸ್ತಿಯಾಗಿತ್ತು, ಅಷ್ಟೇ.

ಆಮೇಲೆ ಒಂದು ವಾರ ಬಿಟ್ಟು, ಕಾಲು ಟೀ ಚಮಚದಿಂದ ಮತ್ತೆ ಶುರು ಮಾಡಿದೆ. ಈಗ ಇದು ಅಭ್ಯಾಸವಾಗಿದೆ. ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಕೋಸಂಬರಿ, ಮೊಳಕೆಕಾಳು, ತೆಂಗಿನಕಾಯಿ ಅಂತ ದಿನದ ಹೆಚ್ಚಿನ ಊಟವನ್ನು ಒಲೆ ಹಚ್ಚದೆ ಮುಗಿಸುವವರು ಈ ಪಾಚಿಗಳನ್ನು ಹೇಗೆ ಸೇರಿಸಿಕೊಳ್ಳಬಹುದು, ಎಲ್ಲಿ ಎಚ್ಚರ ಬೇಕು ಅನ್ನುವುದನ್ನು ಬರೆಯುತ್ತೇನೆ.

ಮೊದಲು ನಿಮ್ಮ ತಟ್ಟೆ ನೋಡಿಕೊಳ್ಳಿ

ಪುಡಿ ತರುವ ಮೊದಲು ಒಂದು ವಾರ ಏನೇನು ತಿಂದಿರಿ ಅಂತ ಬರೆದಿಡಿ. ಹಸಿ ಊಟದಲ್ಲಿ ಸಿ ವಿಟಮಿನ್, ನಾರು, ಪೊಟ್ಯಾಸಿಯಂ ಧಾರಾಳವಾಗಿ ಸಿಗುತ್ತವೆ. ಕಡಿಮೆ ಬೀಳುವುದು ಬೇರೆಯವು. ಹಾಲು ಮೊಸರನ್ನೂ ಬಿಟ್ಟಿದ್ದರೆ ಬಿ12 ವಿಟಮಿನ್ ಸಿಗುವುದಿಲ್ಲ. ಅಂಗಡಿಯ ಪುಡಿ ಉಪ್ಪು ಬಿಟ್ಟು ಸೈಂಧವ ಲವಣಕ್ಕೆ ಹೋಗಿದ್ದರೆ ಅಯೋಡಿನ್ ಕಡಿಮೆಯಾಗುತ್ತದೆ. ಮೀನು ತಿನ್ನದವರಿಗೆ ಡಿಎಚ್ಎ ಅನ್ನುವ ಒಮೆಗಾ-3 ಕೊಬ್ಬು ನೇರವಾಗಿ ಸಿಗುವುದಿಲ್ಲ. ಹೆಣ್ಣುಮಕ್ಕಳಿಗೆ ಕಬ್ಬಿಣದ ತೊಂದರೆ ಇದ್ದೇ ಇದೆ. ಕಾಳು ಬೇಯಿಸದೆ ಬರೀ ಹಣ್ಣಿನ ಮೇಲೆ ಇರುವವರಿಗೆ ಪ್ರೋಟೀನ್ ಕೂಡ.

ಪಾಚಿ ಮಾರುವವರು ಈ ಐದಕ್ಕೂ ಒಂದೇ ಡಬ್ಬಿ ತೋರಿಸುತ್ತಾರೆ. ನಿಜ ಏನೆಂದರೆ ಪಾಚಿ ಅನ್ನುವುದು ಒಂದು ವಸ್ತು ಅಲ್ಲ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ. ಸೊಪ್ಪು ತಿನ್ನಿ ಅಂದರೆ ಯಾವ ಸೊಪ್ಪು ಅಂತ ಕೇಳುತ್ತೇವಲ್ಲ, ಇಲ್ಲೂ ಹಾಗೇ ಕೇಳಬೇಕು.

ಯಾವ ಪಾಚಿ, ಯಾವುದಕ್ಕೆ?

ಸ್ಪಿರುಲಿನಾ ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಇದು ಪಾಚಿಯೂ ಅಲ್ಲ, ಸೂರ್ಯನ ಬೆಳಕಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು ಕಾಣುತ್ತದೆ, ಹೆಸರು ಬಂದಿದ್ದೂ ಅದಕ್ಕೇ. ತಿನ್ನುವ ರೂಢಿ ಹಳೆಯದು. ಮೆಕ್ಸಿಕೋದ ಅಜ್ಟೆಕ್ ಜನ ಟೆಕ್ಸ್‌ಕೋಕೋ ಸರೋವರದಿಂದ ಇದನ್ನು ಸೋಸಿ ತೆಗೆದು, ಒಣಗಿಸಿ, ಸಂತೆಯಲ್ಲಿ ಮಾರುತ್ತಿದ್ದರು. ಆಫ್ರಿಕಾದ ಚಾಡ್ ಸರೋವರದ ದಂಡೆಯಲ್ಲಿ ಕನೆಂಬು ಹೆಂಗಸರು ಇವತ್ತಿಗೂ ಇದನ್ನು ಮರಳ ಮೇಲೆ ಸುರಿದು ಒಣಗಿಸುತ್ತಾರೆ. ಅದರ ಹೆಸರು ದಿಹೆ. ಆದರೆ ಅವರು ಅದನ್ನು ಸಾರಿನಲ್ಲಿ ಬೇಯಿಸಿ ತಿನ್ನುತ್ತಾರೆ. ಹಸಿಯಾಗಿ ಸ್ಮೂದಿಗೆ ಹಾಕುವುದು ನಮ್ಮ ಕಾಲದ ಕಲ್ಪನೆ.

ನಮ್ಮ ಮೈಸೂರಿಗೂ ಇದರ ನಂಟಿದೆ. ಅಲ್ಲಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1970ರ ದಶಕದಿಂದಲೇ ಪಾಚಿ ಬೆಳೆಸುವ, ಆಹಾರವಾಗಿ ಬಳಸುವ ಸಂಶೋಧನೆ ನಡೆದಿದೆ. ಅವರು ಸ್ಪಿರುಲಿನಾ ಸೇರಿಸಿದ ಚಿಕ್ಕಿಯನ್ನೂ ಮಾಡಿದ್ದಾರೆ. ಮಕ್ಕಳಿಗೆ ಚೆನ್ನಾಗಿದೆ. ಆದರೆ ಬೆಲ್ಲದ ಪಾಕ ಬರಿಸಿ ಮಾಡುವುದರಿಂದ ಹಸಿ ಊಟದವರ ಲೆಕ್ಕಕ್ಕೆ ಬರುವುದಿಲ್ಲ.

ಕ್ಲೋರೆಲ್ಲಾ ನಿಜವಾದ ಹಸಿರು ಪಾಚಿ. ಒಂದೇ ಜೀವಕೋಶ, ಗುಂಡಗೆ. ಇದಕ್ಕೆ ಗಟ್ಟಿ ಹೊರಗೋಡೆ ಇದೆ. ಅದನ್ನು ಒಡೆಯದೆ ತಿಂದರೆ ಒಳಗಿನ ಸತ್ವ ನಮಗೆ ಸರಿಯಾಗಿ ದಕ್ಕುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲೆ 'ಬ್ರೋಕನ್ ಸೆಲ್ ವಾಲ್' ಅಥವಾ 'ಕ್ರ್ಯಾಕ್ಡ್ ಸೆಲ್ ವಾಲ್' ಅಂತ ಬರೆದಿರಬೇಕು. ಸ್ಪಿರುಲಿನಾಗೆ ಈ ತಾಪತ್ರಯ ಇಲ್ಲ, ಅದರ ಗೋಡೆ ಮೆತ್ತಗೆ.

ಮೂರನೆಯದು 'ಬ್ಲೂ-ಗ್ರೀನ್ ಆಲ್ಗೆ' ಅಂತ ವಿದೇಶದಿಂದ ಬರುವ ಎಎಫ್‌ಎ. ಅಮೆರಿಕದ ಒರೆಗಾನ್ ರಾಜ್ಯದ ಅಪ್ಪರ್ ಕ್ಲಾಮತ್ ಸರೋವರದಲ್ಲಿ ತಾನಾಗಿ ಬೆಳೆದದ್ದನ್ನು ಸೋಸಿ ತೆಗೆಯುತ್ತಾರೆ. ಕಾಡು ಬೆಳೆ ಅಂದರೆ ಶುದ್ಧ ಅನ್ನುವ ಭಾವನೆ ನಮಗೆ. ಇಲ್ಲಿ ಅದು ಉಲ್ಟಾ. ಅದೇ ನೀರಿನಲ್ಲಿ ಮೈಕ್ರೋಸಿಸ್ಟಿಸ್ ಅನ್ನುವ ಇನ್ನೊಂದು ಪಾಚಿಯೂ ಬೆಳೆಯುತ್ತದೆ. ಅದು ಉಗುಳುವ ಮೈಕ್ರೋಸಿಸ್ಟಿನ್ ಪಿತ್ತಜನಕಾಂಗಕ್ಕೆ ವಿಷ. ಇದೇ ಕಾರಣಕ್ಕೆ ಒರೆಗಾನ್ 1997ರಲ್ಲಿ ಒಂದು ಗ್ರಾಂ ಪುಡಿಗೆ 1 ಮೈಕ್ರೋಗ್ರಾಂ ಅಂತ ಮಿತಿ ಹಾಕಿತು. ನಾನಂತೂ ಇದನ್ನು ಮುಟ್ಟುವುದಿಲ್ಲ. ತೊಟ್ಟಿಯಲ್ಲಿ ಬೆಳೆಸಿದ ಸ್ಪಿರುಲಿನಾ ಕೈಗೆ ಸಿಗುವಾಗ ಇದರ ಅಗತ್ಯವೂ ನನಗೆ ಕಂಡಿಲ್ಲ.

ಇನ್ನು ಕಡಲಪಾಚಿಗಳು. ನೋರಿ, ವಕಾಮೆ, ಕೊಂಬು ಅಂತ ಜಪಾನಿ ಹೆಸರುಗಳಲ್ಲಿ ಸೂಪರ್ ಮಾರ್ಕೆಟಿನಲ್ಲಿ ಸಿಗುತ್ತವೆ. ಇವುಗಳ ಮುಖ್ಯ ಸತ್ವ ಅಯೋಡಿನ್. ಸಿಹಿನೀರಿನ ಕ್ಲೋರೆಲ್ಲಾ, ತೊಟ್ಟಿಯ ಸ್ಪಿರುಲಿನಾಗಳಲ್ಲಿ ಅದು ಹೇಳಿಕೊಳ್ಳುವಷ್ಟು ಇರುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಸುಮಾರು 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಕೊಂಬುವಿನ ಒಂದೇ ಒಂದು ಗ್ರಾಂ ತುಂಡಿನಲ್ಲಿ 1,500 ಮೈಕ್ರೋಗ್ರಾಂ ಮೀರಿ ಇರಬಹುದು. ಅಂದರೆ ಬೆರಳುದ್ದದ ಚೂರು ಹತ್ತು ದಿನದ್ದನ್ನು ಒಂದೇ ದಿನ ಕೊಡುತ್ತದೆ. ಥೈರಾಯ್ಡ್ ಕೆಡಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನೋರಿ ಹಾಳೆಯಲ್ಲಿ ಅಯೋಡಿನ್ ಹದವಾಗಿದೆ. ವಾರಕ್ಕೆ ಮೂರು ನಾಲ್ಕು ಹಾಳೆ ತಿಂದರೆ ತೊಂದರೆ ಇಲ್ಲ. ಒಂದು ಮಾತು: ಅಂಗಡಿಯ ಹಸಿರು ನೋರಿ ಹುರಿದದ್ದು. ಹುರಿಯದ ನೋರಿ ಕಪ್ಪು ನೇರಳೆ ಬಣ್ಣಕ್ಕಿರುತ್ತದೆ. ಕಟ್ಟುನಿಟ್ಟಿನವರು ಬಣ್ಣ ನೋಡಿ ತನ್ನಿ. ಹಿಜಿಕಿ ಅನ್ನುವ ಕಪ್ಪು ಎಳೆಯಂಥದ್ದು ಮಾತ್ರ ಬೇಡವೇ ಬೇಡ, ಅದರಲ್ಲಿ ಆರ್ಸೆನಿಕ್ ಜಾಸ್ತಿ.

ಸರಳವಾಗಿ ಹೇಳಬೇಕೆಂದರೆ, ಅಯೋಡಿನ್‌ಗೆ ಅಯೋಡಿನ್ ಸೇರಿಸಿದ ಉಪ್ಪೇ ಸಾಕು. ಕೋಸಂಬರಿಗೆ ಆ ಉಪ್ಪು ಹಾಕಿದರೆ ಹಸಿ ಊಟ ಕೆಡುವುದಿಲ್ಲ.

ಅಂದ ಹಾಗೆ ನಮ್ಮ ಮನೆಗಳಲ್ಲಿ ಹಿಂದಿನಿಂದ ಇರುವ ಕಡಲಪಾಚಿ ಒಂದಿದೆ, ಚೈನಾ ಗ್ರಾಸ್. ಹೌದು, ಅದೂ ಪಾಚಿಯಿಂದಲೇ ತೆಗೆದದ್ದು. ಆದರೆ ಕುದಿಸದೆ ಅದು ಕರಗುವುದಿಲ್ಲ, ಸತ್ವವೂ ಅಷ್ಟಕ್ಕಷ್ಟೆ. ಬಿಡಿ.

ಕೊನೆಯದು ಪಾಚಿ ಎಣ್ಣೆಯ ಕ್ಯಾಪ್ಸೂಲ್. ಮೀನಿಗೆ ಡಿಎಚ್ಎ ಬರುವುದು ಮೂಲದಲ್ಲಿ ಸೂಕ್ಷ್ಮ ಪಾಚಿಯಿಂದ. ಮೀನನ್ನು ಬಿಟ್ಟು ನೇರವಾಗಿ ಪಾಚಿಯಿಂದಲೇ ಎಣ್ಣೆ ತೆಗೆಯುತ್ತಾರೆ. ಅಗಸೆ ಬೀಜದಲ್ಲಿ ಇರುವ ಒಮೆಗಾ-3 ಬೇರೆ ರೂಪದ್ದು. ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಡಿಎಚ್ಎ ಮಾಡಿಕೊಳ್ಳುತ್ತದೆ. ದಿನಕ್ಕೆ 250 ಮಿಲಿಗ್ರಾಂ ಸಿಗುವ ಕ್ಯಾಪ್ಸೂಲ್ ಸಾಕು. ಹೊರಗಿನ ಕವಚ ಪ್ರಾಣಿಮೂಲದ ಜೆಲಟಿನ್ನಿನದೋ ಸಸ್ಯಮೂಲದ್ದೋ ಅಂತ ಹಸಿರು ಚುಕ್ಕೆ ನೋಡಿ ಖಚಿತ ಮಾಡಿಕೊಳ್ಳಿ. ಪಾಚಿಗಳಲ್ಲಿ ಹಸಿ ಊಟದವರಿಗೆ ನಿಜಕ್ಕೂ ಬೇರೆಲ್ಲೂ ಸಿಗದ್ದನ್ನು ಕೊಡುವುದು ಇದೊಂದೇ ಅಂತ ನನ್ನ ಅಭಿಪ್ರಾಯ. ಜಾಹೀರಾತು ಮಾತ್ರ ಹಸಿರು ಪುಡಿಗೇ ಜಾಸ್ತಿ.

ಬಿ12 ವಿಷಯದಲ್ಲಿ ಮೋಸ ಹೋಗಬೇಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಸಿ ಊಟದವರು ಸ್ಪಿರುಲಿನಾ ತೆಗೆದುಕೊಳ್ಳುವ ಮುಖ್ಯ ಕಾರಣವೇ ಬಿ12. ಡಬ್ಬಿಯ ಮೇಲೂ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ.

ಅವರು ಬರೆದಿರುವುದು ಸುಳ್ಳು ಅನ್ನುವಂತಿಲ್ಲ, ನಿಜವೂ ಅಲ್ಲ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ 'ಸ್ಯೂಡೋ ಬಿ12', ಹುಸಿ ಬಿ12. ನೋಡಲು ಅಸಲಿಯ ತದ್ರೂಪಿ, ಒಂದು ಭಾಗ ಮಾತ್ರ ಬೇರೆ. ನಮ್ಮ ದೇಹಕ್ಕೆ ಅದರಿಂದ ಕೆಲಸ ಆಗುವುದಿಲ್ಲ. ಬೀಗಕ್ಕೆ ಹೋಗದ ಕೀಲಿ ಇದ್ದ ಹಾಗೆ. ಹಾಗಾದರೆ ಡಬ್ಬಿಯ ಮೇಲೆ ಹೇಗೆ ಬಂತು? ಹಳೆಯ ಪರೀಕ್ಷೆಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆಸಿ, ಅದು ಎಷ್ಟು ಬೆಳೆಯಿತು ಅನ್ನುವುದರ ಮೇಲೆ ಬಿ12 ಲೆಕ್ಕ ಹಾಕುತ್ತಿದ್ದರು. ಆ ಬ್ಯಾಕ್ಟೀರಿಯಾಕ್ಕೆ ಹುಸಿಯೂ ಆಗುತ್ತದೆ, ಅಸಲಿಯೂ ಆಗುತ್ತದೆ. ಎರಡೂ ಸೇರಿ ದೊಡ್ಡ ಸಂಖ್ಯೆ ಬಂತು. ಆ ಸಂಖ್ಯೆಯೇ ಇನ್ನೂ ಊರೂರು ಸುತ್ತುತ್ತಿದೆ.

ಕೆಲವು ಕ್ಲೋರೆಲ್ಲಾಗಳಲ್ಲಿ, ನೋರಿಯಲ್ಲಿ ಅಸಲಿ ಬಿ12 ಇರುತ್ತದೆ. ಆದರೆ ಒಂದು ಕಂಪನಿಯದರಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ಅದನ್ನೇ ನಂಬಿ ಕೂರಲು ಆಗುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ಜರ್ಮನಿಯಲ್ಲಿ ಬಹುಕಾಲದಿಂದ ಹಸಿ ಊಟ ಮಾಡುತ್ತಿದ್ದ 201 ಜನರನ್ನು ಪರೀಕ್ಷೆ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 38 ಜನರಿಗೆ ಬಿ12 ಕೊರತೆ ಇತ್ತು. ಅವರ ಕೆಟ್ಟ ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಚೆನ್ನಾಗಿದ್ದವು. ಆದರೆ ಬಿ12 ಕೈಕೊಟ್ಟಿತ್ತು, ಹಲವರಿಗೆ ಒಳ್ಳೆಯ ಕೊಲೆಸ್ಟರಾಲ್ ಕೂಡ ಕಡಿಮೆ ಇತ್ತು.

ಆದ್ದರಿಂದ ಹಾಲು ಮೊಸರು ಬಿಟ್ಟವರು ಮಾತ್ರೆಯ ಬಿ12 ತೆಗೆದುಕೊಳ್ಳಿ. ಎಷ್ಟು ಅನ್ನುವುದನ್ನು ರಕ್ತಪರೀಕ್ಷೆ ನೋಡಿ ಡಾಕ್ಟರ್ ಹೇಳಲಿ. ಪರೀಕ್ಷೆಗೆ ಹೋದಾಗ ಬಿ12 ಜೊತೆಗೆ ಹೋಮೋಸಿಸ್ಟೀನ್ ಅಥವಾ ಎಂಎಂಎ ಕೂಡ ಮಾಡಿಸಬಹುದಾ ಅಂತ ಕೇಳಿ. ದೇಹದಲ್ಲಿ ಬಿ12 ನಿಜವಾಗಿ ಕೆಲಸ ಮಾಡುತ್ತಿದೆಯೇ ಅನ್ನುವುದು ಇವುಗಳಿಂದ ಚೆನ್ನಾಗಿ ಗೊತ್ತಾಗುತ್ತದೆ. ಕಾಲಲ್ಲಿ ಜುಮುಜುಮು, ಮರೆವು, ಸುಸ್ತು ಬಂದರೆ ಇನ್ನೊಂದು ಚಮಚ ಪುಡಿ ಹಾಕಿಕೊಂಡು ಕಾಯುತ್ತಾ ಕೂರಬೇಡಿ.

ಚಮಚದ ಲೆಕ್ಕ

"ಶೇಕಡ 60 ಪ್ರೋಟೀನ್" ಅಂತ ಓದಿದಾಗ ದಂಗಾಗುತ್ತೇವೆ. ಸಂಖ್ಯೆ ಸರಿಯೇ. ನೂರು ಗ್ರಾಂ ಒಣ ಸ್ಪಿರುಲಿನಾದಲ್ಲಿ ಸುಮಾರು 57 ಗ್ರಾಂ ಪ್ರೋಟೀನ್ ಇದೆ. ಆದರೆ ನೂರು ಗ್ರಾಂ ಯಾರು ತಿನ್ನುತ್ತಾರೆ? ನಾವು ತಿನ್ನುವುದು ಒಂದು ಟೀ ಚಮಚ, ಅಂದರೆ ಸುಮಾರು 3 ಗ್ರಾಂ. ಅದರಲ್ಲಿ ಸಿಗುವುದು 1.7 ಗ್ರಾಂ. ಒಂದು ಹಿಡಿ, ಅಂದರೆ 30 ಗ್ರಾಂ ಹೆಸರುಬೇಳೆ ನೆನೆಸಿ ಕೋಸಂಬರಿ ಮಾಡಿದರೆ 7 ಗ್ರಾಂ ಬರುತ್ತದೆ. ಅದೂ ತೆಂಗಿನತುರಿ, ಸೌತೆಕಾಯಿ ಜೊತೆ ಚಪ್ಪರಿಸಿಕೊಂಡು ತಿನ್ನಬಹುದು. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಬೇಕಾಗುವುದು ಸುಮಾರು 46 ಗ್ರಾಂ. ಅದನ್ನು ಪುಡಿಯಿಂದ ತುಂಬಿಸಲು ಹೊರಟರೆ ಹೊಟ್ಟೆಯೂ ಕೆಡುತ್ತದೆ, ಜೇಬೂ.

ಕಬ್ಬಿಣದ ಲೆಕ್ಕವೂ ಹೀಗೇ. 3 ಗ್ರಾಂ ಪುಡಿಯಲ್ಲಿ 0.85 ಮಿಲಿಗ್ರಾಂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ಹೆಂಗಸರಿಗೆ ದಿನಕ್ಕೆ 29, ಗಂಡಸರಿಗೆ 19 ಮಿಲಿಗ್ರಾಂ ಬೇಕು. ಹನಿ ಹನಿ ಸೇರುತ್ತದೆ ಅನ್ನಬಹುದು, ಅಷ್ಟೇ. ಆ ಹನಿಯೂ ದಕ್ಕಬೇಕಾದರೆ ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇರಲಿ. ತಿಂದ ಮೇಲೆ ಒಂದು ಗಂಟೆ ಕಾಫಿ ಟೀ ಬೇಡ.

"ಒಂದು ಕಿಲೋ ಸ್ಪಿರುಲಿನಾ ಸಾವಿರ ಕಿಲೋ ತರಕಾರಿಗೆ ಸಮ" ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ಮೇಲಿನ ಲೆಕ್ಕ ಮಾಡಿ ನೋಡಿದ ಮೇಲೆ ಅದನ್ನು ನಾನು ಯಾರಿಗೂ ಕಳಿಸಿಲ್ಲ.

ಕೊಳ್ಳುವಾಗ

ಸ್ಪಿರುಲಿನಾ ಬೆಳೆಯುವುದು ಕ್ಷಾರದ ನೀರಿನಲ್ಲಿ. ಪಿಎಚ್ 9ಕ್ಕಿಂತ ಮೇಲೆ, ಬಿಸಿಲು ಬೆಚ್ಚಗೆ ಇರಬೇಕು. ಆ ನೀರಿನಲ್ಲಿ ಬೇರೆ ಜೀವಿಗಳು ಅಷ್ಟಾಗಿ ಬದುಕುವುದಿಲ್ಲ, ಅದೇ ಇದಕ್ಕೆ ರಕ್ಷಣೆ. ತಮಿಳುನಾಡಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ದೊಡ್ಡ ಕಂಪನಿಗಳೂ ಬೆಳೆಯುತ್ತವೆ, ಪುದುಚೇರಿ ಹತ್ತಿರದ ಆರೋವಿಲ್‌ನಂಥ ಕಡೆ ಸಣ್ಣ ತೊಟ್ಟಿಗಳಲ್ಲೂ ಬೆಳೆಯುತ್ತಾರೆ. ಆದರೆ ನೀರಿನಲ್ಲಿ ಸೀಸ, ಆರ್ಸೆನಿಕ್ ಇದ್ದರೆ ಪಾಚಿ ಅದನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ನೀರು ಎಲ್ಲಿಯದು, ಯಾರು ಪರೀಕ್ಷೆ ಮಾಡಿದರು ಅನ್ನುವುದೇ ಮುಖ್ಯ.

ಡಬ್ಬಿಯ ಮೇಲೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ತಯಾರಾದ ದಿನಾಂಕ ಇರಬೇಕು. ಆಮೇಲೆ ಕಂಪನಿಗೆ ಒಂದು ಮೇಲ್ ಹಾಕಿ, ಆ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೇಳಿ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ, ಮೈಕ್ರೋಸಿಸ್ಟಿನ್, ಬ್ಯಾಕ್ಟೀರಿಯಾ ಎಣಿಕೆ ಅದರಲ್ಲಿರಬೇಕು. ಕೊಡುವವರು ಎರಡು ದಿನದಲ್ಲಿ ಕಳಿಸುತ್ತಾರೆ. ಕೊಡದವರು "ನಮ್ಮದು ನೂರಕ್ಕೆ ನೂರು ನೈಸರ್ಗಿಕ" ಅಂತ ಉತ್ತರ ಬರೆಯುತ್ತಾರೆ. ಆಗ ಬೇರೆ ಕಡೆ ನೋಡಿ. ಮನೆಯ ಟೆರೇಸಿನಲ್ಲಿ ಟಬ್ ಇಟ್ಟು ಬೆಳೆಸುವ ಕಿಟ್ ಸಿಗುತ್ತದೆ. ಲ್ಯಾಬ್ ಪರೀಕ್ಷೆ ಇಲ್ಲದೆ ಹಸಿಯಾಗಿ ತಿನ್ನುವ ವಸ್ತುವನ್ನು ನಾನು ಹಾಗೆ ಬೆಳೆಸಲಾರೆ.

ಪುಡಿ ನಿಜಕ್ಕೂ 'ಹಸಿ'ಯೇ? ಕಟ್ಟುನಿಟ್ಟಿನ ಹಸಿ ಊಟದವರು ಸುಮಾರು 48 ಡಿಗ್ರಿ ದಾಟಿದ್ದನ್ನು ಹಸಿ ಅನ್ನುವುದಿಲ್ಲ. ದೊಡ್ಡ ಕಾರ್ಖಾನೆಯ ಪುಡಿ ಹೆಚ್ಚಾಗಿ ಸ್ಪ್ರೇ ಡ್ರೈ ಮಾಡಿದ್ದು. ನೂರು ಡಿಗ್ರಿ ಮೀರಿದ ಬಿಸಿಗಾಳಿಗೆ ಕೆಲವು ಕ್ಷಣ ಸಿಂಪಡಿಸಿ ಒಣಗಿಸುತ್ತಾರೆ. ಕಡಿಮೆ ಶಾಖದಲ್ಲಿ ಒಣಗಿಸಿದ್ದು, ಫ್ರೀಜ್ ಡ್ರೈ ಮಾಡಿದ್ದು ಬೇಕು ಅಂದರೆ ಹುಡುಕಬೇಕು, ಬೆಲೆಯೂ ಜಾಸ್ತಿ. ಶ್ಯಾವಿಗೆಯ ಚೂರಿನ ಹಾಗೆ ಕರುಂ ಕುರುಂ ಅನ್ನುವ ರೂಪದಲ್ಲಿ ಬರುವುದು ಸಾಮಾನ್ಯವಾಗಿ ಕಡಿಮೆ ಶಾಖದ್ದು. ಅದು ಪುಡಿಯಷ್ಟು ವಾಸನೆ ಬರುವುದಿಲ್ಲ, ಕೋಸಂಬರಿ ಮೇಲೆ ಉದುರಿಸಿಕೊಳ್ಳಬಹುದು.

ಮನೆಯಲ್ಲೇ ಮಾಡಿ ನೋಡುವ ಒಂದು ಆಟ ಹೇಳುತ್ತೇನೆ. ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಒಂದು ಚಿಟಿಕೆ ಸ್ಪಿರುಲಿನಾ ಹಾಕಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಹಸಿರು ಕೆಳಗೆ ಕೂತು, ಮೇಲಿನ ನೀರು ನೀಲಿಯಾಗಿರುತ್ತದೆ. ಅದು ಫೈಕೋಸಯನಿನ್ ಅನ್ನುವ ಬಣ್ಣ. ಕಿಟಕಿ ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಆ ನೀಲಿಯಲ್ಲೇ ಕೆಂಪು ಮಿಂಚುತ್ತದೆ. ಅದಕ್ಕೆ ಕುದಿಯುವ ನೀರು ಹಾಕಿ, ನೀಲಿ ಮಾಯ. ಶಾಖಕ್ಕೆ ಯಾವುದು ಕೆಡುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಬೇಯಿಸದೆ ತಿನ್ನಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ರಾತ್ರಿಯಿಡೀ ಬಿಟ್ಟ ಆ ನೀರನ್ನು ಮಾತ್ರ ಕುಡಿಯಬೇಡಿ, ಗಿಡಕ್ಕೆ ಹಾಕಿ.

ಮೊದಲ ನಾಲ್ಕು ವಾರ

ಮೊದಲ ವಾರ ಕಾಲು ಟೀ ಚಮಚ, ದಿನ ಬಿಟ್ಟು ದಿನ. ಮಾತ್ರೆಯಾದರೆ 500 ಮಿಲಿಗ್ರಾಂನದು ಒಂದು. ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಜೊತೆಗೇ ಇರಲಿ. ಈ ವಾರ ಬೇರೆ ಹೊಸದೇನನ್ನೂ ಶುರು ಮಾಡಬೇಡಿ. ಗೋಧಿಹುಲ್ಲಿನ ರಸ, ನುಗ್ಗೆಸೊಪ್ಪಿನ ಪುಡಿ, ಪಾಚಿ ಎಲ್ಲ ಒಟ್ಟಿಗೆ ಶುರು ಮಾಡಿದರೆ ಯಾವುದು ಹೊಟ್ಟೆ ಕೆಡಿಸಿತು ಅಂತ ಹೇಗೆ ಗೊತ್ತಾಗುತ್ತದೆ?

ಎರಡನೇ ವಾರ ಅದೇ ಅಳತೆ, ಪ್ರತಿದಿನ. ಮೂರನೇ ವಾರ ಅರ್ಧ ಚಮಚ. ನಾಲ್ಕನೇ ವಾರ ಒಂದು ಚಮಚ, ಅಂದರೆ 3 ಗ್ರಾಂ. ನಾನು ಅಲ್ಲಿಗೇ ನಿಂತಿದ್ದೇನೆ. 5 ಗ್ರಾಂ ತನಕ ಹೋಗುವವರಿದ್ದಾರೆ, ನನಗೆ ಅದರಿಂದ ಬೇರೆ ಲಾಭ ಕಾಣಲಿಲ್ಲ. ಕ್ಲೋರೆಲ್ಲಾ ಬೇಕೆಂದರೆ ಸ್ಪಿರುಲಿನಾ ಒಗ್ಗಿ ಒಂದು ತಿಂಗಳಾದ ಮೇಲೆ, ಅದೇ ರೀತಿ ಕಾಲು ಚಮಚದಿಂದ.

ಮಲ ಕಡು ಹಸಿರು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಪಾಚಿಯ ಬಣ್ಣ. ಸ್ವಲ್ಪ ಗ್ಯಾಸ್ ಆದರೆ ಅಳತೆ ಇಳಿಸಿ. ಆದರೆ ಮೈ ಕೆರೆತ, ದದ್ದು, ತುಟಿ ಊದುವುದು, ಬಿಡದ ವಾಂತಿ ಬಂದರೆ ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ. "ಡೀಟಾಕ್ಸ್ ಆಗ್ತಿದೆ, ತಡ್ಕೊಳ್ಳಿ" ಅನ್ನುವವರ ಮಾತು ಕೇಳಬೇಡಿ. ನಾನು ಕೇಳಿಸಿಕೊಂಡು ಒಂದು ಮಧ್ಯಾಹ್ನ ಕಳೆದುಕೊಂಡವನು.

ಯಾವುದರಲ್ಲಿ ಸೇರಿಸಿದರೆ ಇಳಿಯುತ್ತದೆ

ವಿದೇಶದವರ ಪಾಕದಲ್ಲಿ ಕೇಲ್, ಬಾದಾಮಿ ಹಾಲು, ಅವಕಾಡೊ. ನಮಗೆ ಅದೆಲ್ಲ ಬೇಕಿಲ್ಲ. ಈ ವಾಸನೆಯನ್ನು ಅಡಗಿಸಲು ಮಲೆನಾಡಿನ ತಂಬುಳಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅದು ಮೊದಲೇ ಹಸಿರು. ಮೊದಲೇ ಬೇಯಿಸದ್ದು. ಸೊಪ್ಪಿನ ಒಗರು, ಮೆಣಸಿನ ಖಾರ, ಹುಳಿ ಮೂರೂ ಸೇರಿ ಕೆರೆಯ ವಾಸನೆಯನ್ನು ಮೂಲೆಗೆ ಕೂರಿಸುತ್ತವೆ.

ಒಂದು ಹಿಡಿ ಒಂದೆಲಗವನ್ನು ಮೂರು ಸಲ ತೊಳೆಯಿರಿ. ನೆಲಕ್ಕೆ ಹಬ್ಬುವ ಸೊಪ್ಪು, ಬೇರಿನ ಹತ್ತಿರ ಮಣ್ಣು ಕೂತಿರುತ್ತದೆ. ಕಾಲು ಬಟ್ಟಲು ತೆಂಗಿನತುರಿ, ನಾಲ್ಕು ಕಾಳುಮೆಣಸು, ಅರ್ಧ ಚಮಚ ಜೀರಿಗೆ ಜೊತೆ ನುಣ್ಣಗೆ ರುಬ್ಬಿ. ವಾಡಿಕೆಯಲ್ಲಿ ಮೆಣಸು ಜೀರಿಗೆಯನ್ನು ತುಪ್ಪದಲ್ಲಿ ಹುರಿಯುತ್ತಾರೆ, ಇಲ್ಲಿ ಹುರಿಯುವುದಿಲ್ಲ. ಮಿಕ್ಸಿ ಬಿಸಿಯಾಗದ ಹಾಗೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದು ಲೋಟ ಮಜ್ಜಿಗೆ ಸೇರಿಸಿ. ಹಾಲಿನದು ಬೇಡ ಅನ್ನುವವರು ಮುರುಗಲು ನೆನೆಸಿದ ನೀರು ಹಾಕಿ. ಈಗ ಸ್ಪಿರುಲಿನಾ. ನೇರವಾಗಿ ಪಾತ್ರೆಗೆ ಸುರಿದರೆ ಮೇಲೆ ತೇಲಿ, ಹೊರಗೆ ಹಸಿ ಒಳಗೆ ಒಣ ಇರುವ ಗಂಟುಗಳಾಗುತ್ತದೆ. ಸಣ್ಣ ಬಟ್ಟಲಿನಲ್ಲಿ ಪುಡಿ ಹಾಕಿ, ಒಂದೇ ಚಮಚ ತಂಬುಳಿ ಬಿಟ್ಟು ಬೆರಳಿಂದ ಕಲಸಿ ಪೇಸ್ಟ್ ಮಾಡಿ. ಇನ್ನೊಂದು ಚಮಚ ಬಿಡಿ. ತಿಳಿಯಾದ ಮೇಲೆ ಪಾತ್ರೆಗೆ ಸುರಿದು ಕದಡಿ. ಬೆರಳ ಉಗುರು ಹಸಿರಾಗುತ್ತದೆ, ಸೋಪಿಗೆ ಹೋಗುತ್ತದೆ. ಉಪ್ಪು ಕೊನೆಯಲ್ಲಿ, ರುಚಿ ನೋಡಿ ಹಾಕಿ, ಪುಡಿಯಲ್ಲೂ ಸ್ವಲ್ಪ ಉಪ್ಪಿನಂಶ ಇದೆ.

ಕೊತ್ತಂಬರಿ ಪುದೀನ ಹಾಕಿದ ಹಸಿ ಕಾಯಿಚಟ್ನಿಯೂ ಹೀಗೇ ಆಗುತ್ತದೆ. ಶುಂಠಿ ಒಂದು ಚೂರು ಜಾಸ್ತಿ ಇರಲಿ.

ಸಿಹಿ ಬೇಕೆನ್ನುವವರಿಗೆ ಬಾಳೆಹಣ್ಣಿನ ರಸಾಯನ. ಬೆಲ್ಲ ಕುದಿಸಿ ಮಾಡಿದ್ದು, ಆದ್ದರಿಂದ ಕಟ್ಟುನಿಟ್ಟಿನವರು ನೆನೆಸಿದ ಖರ್ಜೂರ ಅರೆದು ಹಾಕಿ. ಕಾಯಿಹಾಲು, ಏಲಕ್ಕಿ ಇದ್ದರೆ ಅರ್ಧ ಚಮಚ ಪುಡಿ ಗೊತ್ತೇ ಆಗುವುದಿಲ್ಲ. ಚೆನ್ನಾಗಿ ಮಾಗಿದ ಪಚ್ಚಬಾಳೆ ಇದಕ್ಕೆ ಸರಿ. ಖರ್ಜೂರ, ಎಳ್ಳು, ಕೊಬ್ಬರಿ ಕುಟ್ಟಿ ಕಟ್ಟುವ ಉಂಡೆಗೂ ಸೇರಿಸಬಹುದು. ಹತ್ತು ಉಂಡೆಗೆ ಎರಡು ಚಮಚ. ಪ್ರಯಾಣಕ್ಕೆ ನಾನು ಇದನ್ನೇ ಒಯ್ಯುವುದು.

ಸೇರದ ಜೋಡಿಗಳೂ ಇವೆ. ಕಲ್ಲಂಗಡಿ, ಬೀಟ್‌ರೂಟ್, ದಾಳಿಂಬೆ ರಸಕ್ಕೆ ಹಾಕಿದರೆ ಕೆಂಪಿಗೆ ಹಸಿರು ಸೇರಿ ಕೆಸರಿನ ಬಣ್ಣ ಬರುತ್ತದೆ, ಬಾಯಿಗೆ ಹೋಗುವುದೇ ಇಲ್ಲ. ಎಳನೀರಿಗೆ ಹಾಕುವವರಿದ್ದಾರೆ. ಎಳನೀರು ತೆಳು, ವಾಸನೆ ಪೂರ್ತಿ ಎದ್ದು ಬರುತ್ತದೆ. ಎಳನೀರನ್ನು ಯಾಕೆ ಕೆಡಿಸಬೇಕು ಹೇಳಿ? ನಿಂಬೆರಸ ಹಿಂಡಿದ ಮೇಲೆ ಬೇಗ ಕುಡಿದುಬಿಡಿ. ಹುಳಿಯಲ್ಲಿ ಹೊತ್ತು ಬಿಟ್ಟರೆ ಬಣ್ಣ ಮಂಕಾಗಿ ರುಚಿಯೂ ಕೆಡುತ್ತದೆ.

ಯಾರು ಕೇಳದೆ ಮುಟ್ಟಬಾರದು

ಹುಟ್ಟಿನಿಂದ ಫೀನೈಲ್‌ಕೀಟೋನ್ಯೂರಿಯಾ ಇರುವವರಿಗೆ ಸ್ಪಿರುಲಿನಾ ಬೇಡ, ಅದರಲ್ಲಿ ಇಂಥವರ ದೇಹ ಅರಗಿಸಿಕೊಳ್ಳಲಾಗದ ಫೀನೈಲ್‌ಅಲನಿನ್ ಇದೆ. ಲೂಪಸ್, ರುಮಟಾಯ್ಡ್ ಆರ್ಥ್ರೈಟಿಸ್‌ನಂಥ, ದೇಹವೇ ತನ್ನ ಮೇಲೆ ಎರಗುವ ಕಾಯಿಲೆ ಇದ್ದವರು, ಅಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿ ಇರುವವರು ದೂರ ಇರುವುದೇ ಲೇಸು. ಯೂರಿಕ್ ಆಸಿಡ್ ಜಾಸ್ತಿ ಇದ್ದು ಗೌಟ್ ಬರುವವರೂ ಅಷ್ಟೇ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕ್ಲೋರೆಲ್ಲಾ ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಅದರ ಕೆ ವಿಟಮಿನ್ ಮಾತ್ರೆಯ ಕೆಲಸ ಕೆಡಿಸುತ್ತದೆ. ಥೈರಾಯ್ಡ್ ಇದ್ದವರಿಗೆ ಕಡಲಪಾಚಿ ವಿಷಯದಲ್ಲಿ ಅದೇ ಮಾತು. ಬಸುರಿ ಬಾಣಂತಿಯರು, ಮಕ್ಕಳಿಗೆ ಡಾಕ್ಟರನ್ನು ಕೇಳದೆ ಸುಮ್ನೆ ಕೊಡಬೇಡಿ.

ಡಬ್ಬಿ ಇಡುವುದು

ಇದಕ್ಕೆ ಮೂರು ಶತ್ರು: ಬೆಳಕು, ತೇವ, ಗಾಳಿ. ಚಂದ ಕಾಣುತ್ತದೆ ಅಂತ ಗಾಜಿನ ಬಾಟಲಿಗೆ ತುಂಬಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟರೆ ಕ್ರಮೇಣ ಬಣ್ಣ ಮಾಸುತ್ತದೆ. ಬಣ್ಣ ಮಾಸಿದರೆ ಸತ್ವವೂ ಹೋಯಿತು ಅಂತಲೇ. ಸ್ಟೀಲ್ ಡಬ್ಬಿ ಒಳ್ಳೆಯದು. ಕರಾವಳಿಯ ಮಳೆಗಾಲದಲ್ಲಿ ಸಣ್ಣ ಸಣ್ಣ ಪ್ಯಾಕೆಟ್ ಕೊಳ್ಳಿ. ಫ್ರಿಜ್ಜಿನಲ್ಲಿ ಇಟ್ಟರೆ, ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. ತಣ್ಣನೆ ಡಬ್ಬಿಯ ಒಳಗೆ ಹೊರಗಾಳಿಯ ನೀರು ಕೂರುತ್ತದೆ. ಕಾಲು ಗಂಟೆ ಬಿಟ್ಟು ತೆಗೆಯಿರಿ. ಒದ್ದೆ ಚಮಚ ಹಾಕುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಅವರ ಕೈಗೆ ಸಿಗದ ಹಾಗೆ ಇಡಿ.

ಹೊಸ ಪುಡಿ ಕೆರೆಯ ವಾಸನೆ ಬರುತ್ತದೆ, ಅದು ಸರಿ. ಹಳೆಯ ಎಣ್ಣೆಯ ಕಮಟು ಅಥವಾ ಕೊಳೆತ ಮೀನಿನ ನಾತ ಬಂದರೆ, ಗಂಟು ಕಟ್ಟಿ ಕಂದು ಬಣ್ಣಕ್ಕೆ ತಿರುಗಿದ್ದರೆ, ದುಡ್ಡು ಕೊಟ್ಟಿದ್ದೇವೆ ಅಂತ ತಿನ್ನಬೇಡಿ. ನಾನು ಡಬ್ಬಿ ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡುತ್ತೇನೆ. ನೂರು ಗ್ರಾಂ ಡಬ್ಬಿ ದಿನಕ್ಕೆ ಒಂದು ಚಮಚದಂತೆ ಒಂದು ತಿಂಗಳ ಮೇಲೆ ಎರಡು ಮೂರು ದಿನ ಬರಬೇಕು. ಮೂರು ತಿಂಗಳಾದರೂ ಅರ್ಧ ಡಬ್ಬಿ ಹಾಗೇ ಇದ್ದರೆ ನಿಮಗೆ ಇದು ಹಿಡಿಸಿಲ್ಲ ಅಂತ ಅರ್ಥ. ಮುಂದಿನ ಸಲ ಆ ದುಡ್ಡಿಗೆ ಹೆಸರುಕಾಳು, ನೆಲ್ಲಿಕಾಯಿ ತನ್ನಿ.